ಮೂರು ತಾಸಿನ ಹದ

ಮಳಿ ಬಿದ್ದ ದಿನ ಅಲ್ಲ.
ಅವತ್ತು ಎರಿ ಹೊಲಕ್ಕ ಮನಷ್ಯಾನೂ ಇಳಿಯಂಗಿಲ್ಲ,
ಇಳಿದ್ರ ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು.
ಮೂರನೇ ದಿನಾನೂ ಅಲ್ಲ,
ಅಷ್ಟೊತ್ತಿಗೆ ಮ್ಯಾಲೆ ಹೆಪ್ಪು ಕಟ್ಟಿರತೈತಿ,
ಚಿಗರಿ ಅದರ ಮ್ಯಾಲೆ ಹಲಗಿ ಬಡದಂಗ ಓಡತೈತಿ.
ನಡುವ ಒಂದು ಹೊತ್ತು ಐತಿ, ಅನ್ನತಿದ್ದ ಗಾಳೆಪ್ಪ ಮಾವ,
ಎರಡನೇ ದಿನ, ಮಂಜು ಆರಿ
ಬಿಸಲು ಬೆನ್ನಿಗೆ ಹತ್ತೂದ್ರೊಳಗ,
ಬಾಳ ಅಂದ್ರ ಮೂರು ತಾಸು.
ಆಗ ಮಣ್ಣು ಕಾಲು ಬಿಡಂಗಿಲ್ಲ.
ಗೊರಸು ಗೊರಸಿಗೆ ಒಂದೊಂದು ಸೇರು ಮೆತ್ತಿ
ಗಾಳಿಗಿಂತ ಹಗುರಿದ್ದದ್ದು
ಬೀಸೂ ಕಲ್ಲು ಕಟ್ಟಿಕೊಂಡಂಗ ಆಗತೈತಿ.

ಇದನ್ನ ಅವ ಪಂಚಾಂಗದಾಗ ನೋಡಿದವಲ್ಲ.
ಉತ್ತರಿಗೆ ಬಡಿಗಿ ತಗದು ಎಣ್ಣಿ ಹಚ್ಚತಿದ್ದ.
ಹಸ್ತಕ್ಕ ಸುಮ್ಮನಿರತಿದ್ದ,
ಬಿತ್ತಿಗಿ ಹೊತ್ತು, ಹೊಲದಾಗ ಜನ ಬಾಳ.
ಚಿತ್ತಿ ಹುಟ್ಟಿತಂದ್ರ ಮನಿಯಾಗ ಮಾತು ನಿಂತತು.
ಕುರುಡು ಚಿತ್ತಿ, ಎರಚಿದಲ್ಲೇ ಎರಚೂದು,
ಗೌಡರ ಹೊಲಕ್ಕ ಬಿದ್ದದ್ದು ಬದು ದಾಟತಿದ್ದಿಲ್ಲ.
ರಾತ್ರಿ ಮಾಳಿಗಿ ಮ್ಯಾಲೆ ಕುಂತು
ಯಾವ ಮಿಂಚು ಸುಳ್ಳು,
ಯಾವ ಮಿಂಚಿನ ಬುಡಕ್ಕ ನೀರೈತಿ, ಎಣಸಾವ.
ಪಡುವಣ ಗಾಳಿ ಬೀಸಿ ಬೀಸಿ ದಣದು
ಮೂಡಗಾಳಿಗೆ ಪಾಳಿ ಬಿಟ್ಟುಕೊಡೂ ವಾರ ಅದು,
ಮುಂಜಾನಿ ಒಂದು ಕಡಿ, ಸಂಜಿಕ ಒಂದು ಕಡಿ.
ಹೊಲದ ಕಡಿ ಮುಖ ಮಾಡಿ ಒಂದು ಚಿಟಿಕಿ ಬೂದಿ ಬಿಡತಿದ್ದ.
ಬೂದಿ ತಿರಗಿ ತನ್ನ ಮೀಸಿಗೆ ಬಂದ್ರ ನಗತಿದ್ದ:
"ಇವತ್ತು ನಮ್ಮ ಸುದ್ದಿ ಚಿಗರಿಗೆ ಹೋಗಂಗಿಲ್ಲ."

ನನ್ನ ಕರಕೊಂಡು ಹೋದದ್ದು ಒಂದ ಸಲ.
ಕುಕನೂರ ಹಾದಿ ಬಿಟ್ಟು ಎಡಕ್ಕ,
ಕಡಲಿ ಆಗಷ್ಟ ನೆಲ ಒಡದು ಕಣ್ಣು ಬಿಟ್ಟಿತ್ತು.
ಒಂದು ಹಿಡಿ ಮಣ್ಣು ಹಿಚುಕಿ ನನ್ನ ಕೈಯಾಗ ಇಟ್ಟ.
ಉಂಡಿ ಆಗಬೇಕು, ಅಂಗೈಗೆ ಹತ್ತಬೇಕು, ನೀರು ಬಿಡಬಾರದು.
ಆತು. ಹತ್ತಿತು. ಬಿಡಲಿಲ್ಲ.

ಹಿಂಡು ಎದ್ದಿತು, ಇಪ್ಪತ್ತೋ ಇಪ್ಪತ್ತೈದೋ.
ಜಿಗಿಯಾಕ ಹೋಗಿ ಜಿಗಿಯಲಾರದ್ದನ್ನ
ನಾ ಅವತ್ತs ಮೊದಲು ನೋಡಿದ್ದು.
ಒಂದು ಹೆಣ್ಣು ನಡು ಹೊಲದಾಗ ನಿಂತುಬಿಡ್ತು.
ಬಡಿಗಿ ಎತ್ತಿ ಮಾವ ಓಡಿದ.
ಐದು ಮಾರು. ಆರು.
ಅವನ ಕಾಲಿಗೂ ಅದ ಎರಿ.
ಎಳೀತಾನ, ಬರಂಗಿಲ್ಲ.
ಅವನೂ ನಿಂತ, ಅದೂ ನಿಂತಿತ್ತು,
ನಡುವ ಒಂದು ಕೂಗಿನಷ್ಟು ಹೊಲ,
ಇಬ್ಬರ ಪಕ್ಕಡಿನೂ ಏರಿ ಇಳೀತಿದ್ದವು.
ಮಳಿ, ಗಾಳಿ, ಮಣ್ಣು, ಎಲ್ಲಾ ಹಿಡಿದಿದ್ದ ಲೆಕ್ಕಕ್ಕ,
ತನ್ನ ವಯಸ್ಸೊಂದು ಹಿಡಿದಿದ್ದಿಲ್ಲ.

ನಾ ಹಗುರಿದ್ದೆ. ಹನ್ನೊಂದು ವರ್ಷ, ಬರಿಗಾಲು.
ಬಡಿಗಿ ನನ್ನ ಕಡಿ ಒಗದ.

ಅದರ ಉಸರು ನನ್ನ ಮೊಣಕೈಗೆ ಬಿಸಿ ಹತ್ತೂ ತನಕ ಹೋದೆ.
ಆಮ್ಯಾಲಿಂದು ಯಾರಿಗೂ ಹೇಳಿಲ್ಲ.
ಮೋಡ ಸರೀತು, ಬಿಸಲು ಬಿತ್ತು,
ಅಷ್ಟ ಹೇಳತೀನಿ.

ಈಗ ಪಂಚಾಯ್ತಿ ಮಾಳಿಗಿ ಮ್ಯಾಲಿನ ಮಳಿಮಾಪಕ ನನ್ನ ಕೆಲಸ.
ಮುಂಜಾನಿ ಎಂಟೂವರಿಗೆ ನೀರು ಅಳದು ಬರೀತೀನಿ:
ಚಿತ್ತಿ, ಹದಿನೆಂಟು ಪಾಯಿಂಟ್ ನಾಕು ಮಿಲಿಮೀಟರ್.
ಬರದ ಮ್ಯಾಲೆ ಗಾರ್ಡ್ ನಬೀಸಾಬಗ ಫೋನ್ ಹಚ್ಚತೀನಿ,
"ನಾಳೆ ಒಂಬತ್ತರಿಂದ ಹನ್ನೆರಡು,
ಕುಕನೂರ ಹಾದಿ ಎಡಕ್ಕ ಒಂದು ಸುತ್ತು ಬಾರೋ."
ನಿನಗ ಹೆಂಗ ಗೊತ್ತು ಅಂತ ಅವ ಕೇಳಂಗಿಲ್ಲ.
ಹೊಲದವರು ಬೈತಾರ,
ರಾತ್ರಿ ಬಂದು ಕಡಲಿ ಕುಡಿ ಚಿವುಟಿ ಹೋದದ್ದು ನಿಮ್ಮ ಚಿಗರಿ, ಅಂತಾರ.
ನಮ್ಮದು ಯಾವಾಗ ಆತೋ!

ಇವತ್ತು ಎರಡನೇ ದಿನ.
ಒಂದು ಹಿಡಿ ಹಿಚುಕಿದೆ, ಉಂಡಿ ಆತು.
ಒಲಿಯಿಂದ ಒಂದು ಚಿಟಿಕಿ ಬೂದಿ ತಂದು
ಹೊಲದ ಕಡಿ ಮುಖ ಮಾಡಿ ಬಿಟ್ಟೆ.
ಮೀಸಿಗೆ ಬಂತು.